ಬೋರ್ ಮಾಡಿಸುವ ಮೊದಲು ಒಮ್ಮೆ ಅಳೆದು ನೋಡಿ

ನಂಜನಗೂಡು ಮತ್ತು ಟಿ. ನರಸೀಪುರದ ಕಡೆ ಹಳೆಯ ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ. ಕೆಲವರಿಗೆ ಅದು ಶೋಕಿ, ಕೆಲವರಿಗೆ ದಿನನಿತ್ಯದ ಗಾಡಿ. ಇಂಥ ಬೈಕು ಒಂದು ದಿನ ಸ್ಟಾರ್ಟ್ ಆಗದೆ ನಿಂತರೆ ಸುತ್ತ ಸೇರಿದವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಒಬ್ಬರು ಪ್ಲಗ್ ಅನ್ನುತ್ತಾರೆ, ಇನ್ನೊಬ್ಬರು ಕಾರ್ಬೊರೇಟರ್ ಅನ್ನುತ್ತಾರೆ. ಕೊನೆಗೆ ಯಾರಾದರೂ "ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಅದಕ್ಕಿಂತ ದೊಡ್ಡ ರೋಗ ಇಲ್ಲ, ಅದಕ್ಕಿಂತ ದೊಡ್ಡ ಖರ್ಚೂ ಇಲ್ಲ.

ಈ ಮಾತು ನಿಜವೋ ಸುಳ್ಳೋ ಎಂದು ಮನೆಯ ಅಂಗಳದಲ್ಲೇ ಅರ್ಧ ಗಂಟೆಯಲ್ಲಿ ನೋಡಬಹುದು. ಅದಕ್ಕೆ ಕಂಪ್ರೆಶನ್ ಟೆಸ್ಟ್ ಎನ್ನುತ್ತಾರೆ. ಕಳೆದ ರಜೆಯಲ್ಲಿ ನಾನು ಎರಡು ಯೆಜ್ಡಿಗಳಿಗೆ ಈ ಟೆಸ್ಟ್ ಮಾಡಿದೆ. ಒಂದು ನರಸೀಪುರದಲ್ಲಿರುವ ನಮ್ಮ ಬಡೇ ಅಬ್ಬಾ ಅವರದು. ಇನ್ನೊಂದು ನಂಜನಗೂಡಿನಲ್ಲಿ ಮಾಮು ಅವರ ಶೆಡ್ಡಿನಲ್ಲಿ ವರ್ಷಗಳಿಂದ ನಿಂತಿದ್ದದ್ದು. ಎರಡಕ್ಕೂ ಬಂದ ಉತ್ತರ ಬೇರೆ ಬೇರೆ. ಟೆಸ್ಟ್ ಹೇಗೆ ಮಾಡುವುದು, ಬಂದ ಅಂಕಿಯನ್ನು ಹೇಗೆ ಓದುವುದು ಎಂದು ಇಲ್ಲಿ ಬರೆಯುತ್ತೇನೆ. ಅದೇ ಗೇಜ್ ರೋಟರಿ ಎಂಜಿನ್ನಿನ ಮುಂದೆ ಏಕೆ ಸೋಲುತ್ತದೆ ಎಂಬುದನ್ನೂ ಕೊನೆಯಲ್ಲಿ ವಿವರಿಸುತ್ತೇನೆ.

ಪ್ರಶ್ನೆ ದುಡ್ಡಿನದು ಮಾತ್ರವಲ್ಲ

ಬಡೇ ಅಬ್ಬಾ ಅವರ ಬೈಕು ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಹತ್ತಿಕೊಳ್ಳುತ್ತಿರಲಿಲ್ಲ. ಒಂದು ವರ್ಕ್‌ಶಾಪಿನಲ್ಲಿ ನೋಡಿದವರು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು ಅಂದರು. ತಂಗಿಯ ಅಡ್ಮಿಷನ್ ಹತ್ತಿರ ಬಂದಿದ್ದ ಸಮಯ ಅದು. ಮನೆಯಲ್ಲಿ ಬೈಕನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡೋಣ ಎನ್ನುವ ಮಾತೂ ನಡೆದಿತ್ತು.

ದುಡ್ಡಿನ ಜೊತೆಗೆ ಇನ್ನೊಂದು ವಿಷಯವೂ ಇದೆ. ಬೋರ್ ಮಾಡುವುದೆಂದರೆ ಸವೆದು ಓರೆಯಾದ ಸಿಲಿಂಡರ್ ಗೋಡೆಯನ್ನು ಮೆಷಿನ್ನಿನಲ್ಲಿ ಕೊರೆದು, ಸ್ವಲ್ಪ ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುವುದು. ಯೆಜ್ಡಿಯ ಸಿಲಿಂಡರ್ ಎರಕದ ಕಬ್ಬಿಣದ್ದು. ಅದನ್ನು ಕೆಲವೇ ಸಲ ಹೀಗೆ ಕೊರೆಯಬಹುದು, ಆಮೇಲೆ ಗೋಡೆ ತೆಳುವಾಗುತ್ತದೆ. ಕೊರೆದು ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ. ಕಾರ್ಖಾನೆಯೇ ಮುಚ್ಚಿಹೋದ ಬೈಕಿಗೆ ಬೇಡದ ಬೋರ್ ಮಾಡಿಸಿದರೆ ಅದರ ಆಯುಷ್ಯದ ಒಂದು ಪಾಲನ್ನು ಸುಮ್ಮನೆ ಕಳೆದಂತೆ.

ಮೈಸೂರಿನಲ್ಲಿ ಹುಟ್ಟಿದ ಎಂಜಿನ್

ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಅಲ್ಲಿ ಬೈಕುಗಳ ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಶೋರೂಮಿನಲ್ಲಿ ಅದೇ ಹೆಸರುಗಳಲ್ಲಿ ಕಾಣುವ ಹೊಸ ಬೈಕುಗಳು ಫೋರ್ ಸ್ಟ್ರೋಕ್. ನಾನು ಹೇಳುತ್ತಿರುವುದು ಹಳೆಯ ಟೂ ಸ್ಟ್ರೋಕ್ 250 ಸಿಸಿ ಬೈಕಿನ ಬಗ್ಗೆ.

ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಇರಬೇಕು ಅಂದುಕೊಳ್ಳುವವರು ಇದ್ದಾರೆ. ಈ 250 ಬೈಕಿಗೆ ಇರುವುದು ಒಂದೇ ಸಿಲಿಂಡರ್. ಅದರ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ, ಸುಮಾರು 249 ಸಿಸಿ ಬರುತ್ತದೆ.

ಈ ಎಂಜಿನ್ನಿಗೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂಥ ತೂತುಗಳಿವೆ, ಅವಕ್ಕೆ ಪೋರ್ಟ್ ಎನ್ನುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ತಾನೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿರುವ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್ ಕೇಸ್ ಹೊಸ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಪಿಸ್ಟನ್ ಇಳಿಯುವಾಗ ಆ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಅಂದರೆ ಪಿಸ್ಟನ್ನಿನ ಮೇಲೂ ಒಂದು ಪಂಪು, ಕೆಳಗೂ ಒಂದು ಪಂಪು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೇಲಿನ ಪಂಪಿನಲ್ಲಿ ಒತ್ತಡ ಸೋರದಂತೆ ಕಾಯುವವು ನಾಲ್ಕು. ಪಿಸ್ಟನ್ನಿನ ರಿಂಗುಗಳು, ಸಿಲಿಂಡರಿನ ಗೋಡೆ, ಹೆಡ್ ಕೂತಿರುವ ಸಂದು, ಪ್ಲಗ್ಗಿನ ವಾಷರ್. ಕಂಪ್ರೆಶನ್ ಟೆಸ್ಟ್ ಪರೀಕ್ಷಿಸುವುದು ಈ ನಾಲ್ಕನ್ನು ಮಾತ್ರ.

ಬೇಕಾದ ಸಾಮಾನು

ಒಂದು ಕಂಪ್ರೆಶನ್ ಗೇಜ್ ಬೇಕು. ಟೈರಿಗೆ ಗಾಳಿ ನೋಡುವ ಗೇಜಿನಂತೆಯೇ ಮುಳ್ಳು ಇರುತ್ತದೆ, ಆದರೆ ತುದಿಯಲ್ಲಿ ಪ್ಲಗ್ಗಿನಂಥ ಥ್ರೆಡ್ ಇರುತ್ತದೆ. ಯೆಜ್ಡಿಗೆ 14 ಮಿಲಿಮೀಟರ್ ಥ್ರೆಡ್ಡಿನದು. ಥ್ರೆಡ್ಡಿನ ಉದ್ದ ನಿಮ್ಮ ಪ್ಲಗ್ಗಿನ ಥ್ರೆಡ್ಡಿಗಿಂತ ಹೆಚ್ಚಿರಬಾರದು, ಹೆಚ್ಚಿದ್ದರೆ ಪಿಸ್ಟನ್ನಿಗೆ ತಗುಲೀತು. ಗೇಜಿನೊಳಗೆ ಸೈಕಲ್ ಟ್ಯೂಬಿನಂತೆ ಒಂದು ಚಿಕ್ಕ ವಾಲ್ವ್ ಇದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಾಗಾಗಿ ಅತಿ ಹೆಚ್ಚು ಒತ್ತಡ ಬಂದಲ್ಲಿಗೆ ಮುಳ್ಳು ನಿಂತುಬಿಡುತ್ತದೆ. ಪಕ್ಕದ ಗುಂಡಿ ಒತ್ತಿದರೆ ಸೊನ್ನೆಗೆ ಇಳಿಯುತ್ತದೆ. ಇದರ ಜೊತೆಗೆ ಪ್ಲಗ್ ಸ್ಪ್ಯಾನರ್, ಒಂದು ಟೀ ಚಮಚ ಎಂಜಿನ್ ಆಯಿಲ್, ಹಳೆ ಬಟ್ಟೆ, ನೋಟ್‌ಬುಕ್ ಇದ್ದರೆ ಸಾಕು.

ಟೆಸ್ಟ್ ಮಾಡುವ ಕ್ರಮ

1. ಬೈಕು ಸ್ಟಾರ್ಟ್ ಆಗುವಂತಿದ್ದರೆ ಹತ್ತು ನಿಮಿಷ ಓಡಿಸಿ. ಆಮೇಲೆ ಹೆಡ್ ಬೆಚ್ಚಗಿದೆ, ಆದರೆ ಕೈ ಸುಡುವುದಿಲ್ಲ ಎನ್ನುವಷ್ಟು ಆರಲು ಬಿಡಿ. ಹೆಡ್ ಅಲ್ಯೂಮಿನಿಯಂನದು, ಸುಡುಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಸ್ಟಾರ್ಟ್ ಆಗದ ಬೈಕಾದರೆ ತಣ್ಣಗಿರುವಾಗಲೇ ಮಾಡಿ, ನೋಟ್‌ಬುಕ್ಕಿನಲ್ಲಿ "ತಣ್ಣಗೆ" ಎಂದು ಬರೆದುಕೊಳ್ಳಿ.

2. ಗಾಳಿಯಾಡುವ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ. ಹತ್ತಿರದಲ್ಲಿ ಬೀಡಿ, ಒಲೆ, ಊದುಬತ್ತಿ ಏನೂ ಇರಬಾರದು.

3. ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ ಊದಿ, ಆಮೇಲೆ ಬಿಚ್ಚಿ. ಒಂದು ಮರಳಿನ ಕಾಳು ಒಳಗೆ ಬಿದ್ದರೂ ಅದು ಗೋಡೆಯನ್ನು ಗೀರುತ್ತದೆ.

4. ಇಗ್ನಿಷನ್ ಕೀ ಆಫ್ ಇರಲಿ. ಪಾಯಿಂಟ್ ಇರುವ ಬೈಕಿಗೆ ಇಷ್ಟು ಸಾಕು. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಬಿಚ್ಚಿದ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿಗೆ ತಾಗುವಂತೆ ತೂತಿನಿಂದ ದೂರ ಇಡಿ.

5. ಗೇಜನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಮೊದಲ ಸುತ್ತಿಗೇ ಸ್ಪ್ಯಾನರ್ ಹಾಕಬೇಡಿ, ಥ್ರೆಡ್ ಅಡ್ಡ ಹೋಗುತ್ತದೆ.

6. ಚೋಕ್ ತೆಗೆದು, ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಾಗೇ ಹಿಡಿಯಿರಿ. ಇದು ಬಹಳ ಮುಖ್ಯ. ಆಕ್ಸಲರೇಟರ್ ಮುಚ್ಚಿದ್ದರೆ ಒಳಗೆ ಗಾಳಿಯೇ ಹೋಗುವುದಿಲ್ಲ, ಒಳ್ಳೆಯ ಎಂಜಿನ್ನೂ ಕೆಟ್ಟ ಅಂಕಿ ತೋರಿಸುತ್ತದೆ.

7. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್ ಎಂದು ಗೊತ್ತಲ್ಲ. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ, ಒಂದೇ ಸಮನಾಗಿ, ಜೋರಾಗಿ ಎಂಟು ಹತ್ತು ಕಿಕ್ ಹೊಡೆಯಿರಿ. ಮುಳ್ಳು ಏರುವುದು ನಿಲ್ಲುವವರೆಗೂ ಹೊಡೆಯಬೇಕು. ಮೊದಲ ಕಿಕ್ಕಿಗೆ ಮುಳ್ಳು ಎಲ್ಲಿಗೆ ಹೋಯಿತು ಎಂಬುದನ್ನು ಪಕ್ಕದಲ್ಲಿ ಒಬ್ಬರು ನೋಡಿ ಬರೆದುಕೊಳ್ಳಲಿ.

8. ಗುಂಡಿ ಒತ್ತಿ ಸೊನ್ನೆಗೆ ಇಳಿಸಿ, ಮತ್ತೆರಡು ಸಲ ಮಾಡಿ. ಮೂರೂ ಅಂಕಿ ಹತ್ತಿರ ಹತ್ತಿರ ಇದ್ದರೆ ಮಾತ್ರ ನಂಬಿ. ಲ್ಯಾಬಿನಲ್ಲಿ ಒಂದೇ ರೀಡಿಂಗ್ ತೆಗೆದುಕೊಂಡು ಬಂದರೆ ನಮ್ಮ ಮೇಷ್ಟ್ರು ವಾಪಸ್ ಕಳಿಸುತ್ತಾರಲ್ಲ, ಅದೇ ನಿಯಮ ಇಲ್ಲಿಯೂ.

9. ಈಗ ಗೇಜ್ ತೆಗೆದು ಪ್ಲಗ್ಗಿನ ತೂತಿನಿಂದ ಒಂದು ಟೀ ಚಮಚ ಆಯಿಲ್ ಬಿಡಿ. ತೂತಿಗೆ ಬಟ್ಟೆ ಅಡ್ಡ ಹಿಡಿದು ಎರಡು ಮೂರು ಸಲ ನಿಧಾನವಾಗಿ ಕಿಕ್ ತುಳಿಯಿರಿ, ಆಯಿಲ್ ರಿಂಗುಗಳ ಸುತ್ತ ಹರಡುತ್ತದೆ. ಮತ್ತೆ ಗೇಜ್ ಹಾಕಿ ಅಳೆಯಿರಿ. ಇದನ್ನು ಒದ್ದೆ ಟೆಸ್ಟ್ ಎನ್ನೋಣ. ಆಮೇಲೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ದಟ್ಟ ಹೊಗೆ ಬರುತ್ತದೆ, ಹೆದರಬೇಡಿ.

ಎರಡು ಬೈಕು, ಎರಡು ಉತ್ತರ

ನಮಗೆ ಬಂದ ಅಂಕಿಗಳು ಹೀಗಿದ್ದವು. ಎಲ್ಲವೂ ಪಿ.ಎಸ್.ಐ. ಲೆಕ್ಕದಲ್ಲಿ, ಟೈರಿನ ಗಾಳಿಗೆ ಬಳಸುವ ಅದೇ ಮಾನ.

ನರಸೀಪುರದ ಬೈಕು: ಮೊದಲ ಕಿಕ್ಕಿಗೆ 75. ನಿಂತ ಅಂಕಿ ಮೂರು ಸಲ 108, 110, 110. ಒದ್ದೆ ಟೆಸ್ಟಿನಲ್ಲಿ 122.

ನಂಜನಗೂಡಿನ ಬೈಕು: ಮೊದಲ ಕಿಕ್ಕಿಗೆ 30. ನಿಂತ ಅಂಕಿ 62, 64, 62. ಒದ್ದೆ ಟೆಸ್ಟಿನಲ್ಲಿ 98.

ಇಂಥ ಹಳೆಯ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ 100ರ ಮೇಲೆ ಬಂದರೆ ಸಾಮಾನ್ಯವಾಗಿ ನೆಮ್ಮದಿಯಿಂದಿರಬಹುದು. 80ಕ್ಕಿಂತ ಕೆಳಗೆ ಇಳಿದರೆ ಸ್ಟಾರ್ಟ್ ಮಾಡುವುದೇ ಕಷ್ಟವಾಗುತ್ತದೆ. ಆದರೆ ಆ ಒಂದು ಅಂಕಿಗಿಂತ ಅಂಕಿಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ಮೊದಲ ಕಿಕ್ ನೋಡಿ. ಒಳ್ಳೆಯ ಎಂಜಿನ್ ಮೊದಲ ಹೊಡೆತದಲ್ಲೇ ಕೊನೆಯ ಅಂಕಿಯ ಮೂರನೇ ಎರಡರಷ್ಟು ಏರಿತು. ಸೋರುವ ಎಂಜಿನ್ ಅರ್ಧವನ್ನೂ ಮುಟ್ಟಲಿಲ್ಲ, ಆಮೇಲೆ ತೆವಳುತ್ತಾ ಏರಿತು.

ಒದ್ದೆ ಟೆಸ್ಟ್ ನೋಡಿ. ಎರಡೂ ಏರಿವೆ. ಆಯಿಲ್ ಹಾಕಿದಾಗ ಅಂಕಿ ಏರಿದರೆ ರಿಂಗ್ ಹೋಗಿದೆ ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಮಾತು. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗವೇ ಕೆಲವು ಹತ್ತು ಮಿಲಿಲೀಟರ್ ಮಾತ್ರ. ಅದರಲ್ಲಿ ಐದು ಮಿಲಿಲೀಟರ್ ಆಯಿಲ್ ಕೂತರೆ ಗಾಳಿಗೆ ಜಾಗ ಕಡಿಮೆಯಾಗಿ ಒಳ್ಳೆಯ ಎಂಜಿನ್ನಿನಲ್ಲೂ ಒತ್ತಡ ಸ್ವಲ್ಪ ಏರಲೇಬೇಕು. ಹಾಗಾಗಿ ನೋಡಬೇಕಾದದ್ದು ಎಷ್ಟು ಏರಿತು ಎಂದು. ಮೊದಲನೆಯದು ಶೇಕಡ 11ರಷ್ಟು ಏರಿತು. ಎರಡನೆಯದು ಶೇಕಡ 58ರಷ್ಟು. ಅಷ್ಟು ಏರಿತೆಂದರೆ ಆಯಿಲ್ ಯಾವುದೋ ಸಂದನ್ನು ಮುಚ್ಚಿದೆ, ಅದು ರಿಂಗ್ ಮತ್ತು ಗೋಡೆಯ ನಡುವಿನ ಸಂದು.

ಒಣ ಅಂಕಿಯೂ ಕಡಿಮೆ, ಆಯಿಲ್ ಹಾಕಿದರೂ ಹೆಚ್ಚು ಏರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಸೋರಿಕೆ ಮೇಲ್ಗಡೆ ಇದೆ. ಹೆಡ್ಡಿನ ಸಂದಿಗೆ ಸೋಪಿನ ನೀರು ಸವರಿ ಕಿಕ್ ಹೊಡೆಯಿರಿ, ಗುಳ್ಳೆ ಎದ್ದರೆ ಕಳ್ಳ ಸಿಕ್ಕಿದ. ಗುಳ್ಳೆಯೂ ಇಲ್ಲದಿದ್ದರೆ ಪಿಸ್ಟನ್ನಿನ ತಲೆಯಲ್ಲೇ ತೂತು ಬಿದ್ದಿರಬಹುದು, ಹೆಡ್ ಬಿಚ್ಚಿ ನೋಡಬೇಕು.

ನಮ್ಮ ಬೈಕಿನ 110 ನೋಡಿದ ಮೇಲೆ ಬೋರಿನ ಮಾತು ಮುಗಿಯಿತು. ಮಾಮು ಬೈಕನ್ನು ಬಿಸಿ ಮಾಡಿ ಪಾಯಿಂಟ್ ಕವರ್ ತೆಗೆದು ತೋರಿಸಿದರು, ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಹಾರುತ್ತಿತ್ತು. ಬಿಸಿಯಾದಾಗ ಕೈಕೊಡುವ ಕಂಡೆನ್ಸರಿನ ಲಕ್ಷಣ ಅದು. ಹೊಸ ಕಂಡೆನ್ಸರ್ ಹಾಕಿ ಪಾಯಿಂಟ್ ಸವರಿದ ಮೇಲೆ ಬಿಸಿಯಲ್ಲೂ ಒಂದೆರಡು ಕಿಕ್ಕಿಗೆ ಹತ್ತಿಕೊಳ್ಳುತ್ತಿದೆ. ನಂಜನಗೂಡಿನ ಬೈಕಿಗೆ ಮಾತ್ರ ಬೋರ್ ಮಾಡಿಸಲೇಬೇಕಾಯಿತು. ಅಲ್ಲಿ ಅದು ಸರಿಯಾದ ಖರ್ಚು. ಮಾಡಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಅಳೆದಾಗ 118 ಬಂತು.

ಆ ಅಂಕಿ ಎಲ್ಲಿಂದ ಬರುತ್ತದೆ?

ಪ್ರಥಮ ಪಿಯುಸಿ ಥರ್ಮೊಡೈನಮಿಕ್ಸ್ ಓದಿದವರಿಗೆ ಇದು ಒಳ್ಳೆಯ ಲೆಕ್ಕ. ನಮ್ಮ ಈ ಭಾಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 14.7 ಪಿ.ಎಸ್.ಐ. ಇದ್ದರೆ ನಮ್ಮಲ್ಲಿ ಸುಮಾರು 13.6.

ಪೋರ್ಟುಗಳೆಲ್ಲ ಮುಚ್ಚಿದ ಮೇಲೆ ಪಿಸ್ಟನ್ ಗಾಳಿಯನ್ನು ಆರನೇ ಒಂದು ಭಾಗಕ್ಕೆ ಒತ್ತುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಗಾಳಿ ಬಿಸಿಯಾಗದೆ ಒತ್ತಲ್ಪಟ್ಟರೆ ಬಾಯ್ಲ್ ನಿಯಮದ ಪ್ರಕಾರ ಒತ್ತಡ 6 ಪಟ್ಟು, ಅಂದರೆ 81.6. ಗೇಜ್ ಹೊರಗಿನ ಗಾಳಿಯನ್ನು ಸೊನ್ನೆ ಎಂದು ಎಣಿಸುವುದರಿಂದ ಅದರಲ್ಲಿ 13.6 ಕಳೆಯಿರಿ, 68 ಬರುತ್ತದೆ. ಒಂದಿಷ್ಟೂ ಶಾಖ ಗೋಡೆಗೆ ಹೋಗದೆ, ಅಂದರೆ ಅಡಿಯಾಬ್ಯಾಟಿಕ್ ಆಗಿ ಒತ್ತಿದರೆ ಒತ್ತಡ 6ರ 1.4ನೇ ಘಾತ, ಅಂದರೆ ಸುಮಾರು 12.3 ಪಟ್ಟು. ಗೇಜಿನಲ್ಲಿ ಸುಮಾರು 153 ಬರಬೇಕು.

ನಿಜವಾದ ಎಂಜಿನ್ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಸ್ವಲ್ಪ ಶಾಖ ಗೋಡೆಗೆ ಹೋಗುತ್ತದೆ, ಸ್ವಲ್ಪ ಗಾಳಿ ರಿಂಗಿನ ಸಂದಿನಿಂದ ಜಾರುತ್ತದೆ. ಕಿಕ್ ನಿಧಾನವಾದಷ್ಟೂ ಎರಡಕ್ಕೂ ಹೆಚ್ಚು ಸಮಯ ಸಿಗುತ್ತದೆ, ಅಂಕಿ ಇಳಿಯುತ್ತದೆ. ನನ್ನ ಕಿಕ್ಕಿಗೂ ಮಾಮು ಅವರ ಕಿಕ್ಕಿಗೂ ಆರೇಳು ಪಿ.ಎಸ್.ಐ. ವ್ಯತ್ಯಾಸ ಬರುತ್ತಿತ್ತು. ಅದಕ್ಕೇ ಎರಡೂ ಬೈಕಿಗೆ ಕಿಕ್ ಹೊಡೆದದ್ದು ಒಬ್ಬರೇ, ಮಾಮು.

ಎತ್ತರವನ್ನೂ ಮರೆಯಬಾರದು. ಸಮುದ್ರಮಟ್ಟದ ಊರಿನಲ್ಲಿ 120 ತೋರಿಸುವ ಎಂಜಿನ್ ನಮ್ಮಲ್ಲಿ ಸುಮಾರು 111 ತೋರಿಸುತ್ತದೆ. ಮಂಗಳೂರಿನ ಗೆಳೆಯರ ಬೈಕಿನ ಅಂಕಿ ನಮಗಿಂತ ಹೆಚ್ಚೆಂದು ಬೇಸರಪಡಬೇಕಾಗಿಲ್ಲ.

ಗೇಜ್ ಹೇಳದ ಮಾತು

ಕಂಪ್ರೆಶನ್ ಚೆನ್ನಾಗಿದೆ ಎಂದರೆ ಎಂಜಿನ್ ಪೂರ್ತಿ ಚೆನ್ನಾಗಿದೆ ಎಂದಲ್ಲ. ಪಿಸ್ಟನ್ನಿನ ಕೆಳಗೂ ಒಂದು ಪಂಪು ಇದೆ ಎಂದೆನಲ್ಲ, ಗೇಜಿಗೆ ಅದು ಕಾಣುವುದೇ ಇಲ್ಲ. ಕ್ರ್ಯಾಂಕಿನ ಎರಡೂ ಕಡೆ ಆಯಿಲ್ ಸೀಲುಗಳಿವೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ, ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕಾರಣವಿಲ್ಲದೆ ಕಡಿಮೆಯಾಗುತ್ತಾ ಹೋಗುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಜೋರಾಗಿ ಓಡುತ್ತದೆ, ಬಿಸಿ ಏರುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್ ಜಾಮ್ ಆಗಬಹುದು. ಸೈಲೆನ್ಸರಿನಲ್ಲಿ ಇದ್ದಿಲು ಕಟ್ಟಿದ್ದರೂ ಬೈಕು ಎಳೆಯುವುದಿಲ್ಲ, ಅದನ್ನೂ ಗೇಜ್ ಹೇಳುವುದಿಲ್ಲ.

ಗೇಜ್ ಇಲ್ಲದವರಿಗೆ ಹಳೆಯ ಮೆಕ್ಯಾನಿಕ್ಕುಗಳ ಒಂದು ಉಪಾಯವಿದೆ. ಕೀ ಆಫ್ ಮಾಡಿ, ಪ್ಲಗ್ ಹಾಕಿಯೇ ಇದ್ದಾಗ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಬಿಡುವುದು. ಒಳ್ಳೆಯ ಎಂಜಿನ್ ಒಂದು ಹಂತದಲ್ಲಿ ಕಾಲನ್ನು ತಡೆದು ನಿಲ್ಲಿಸುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಸವೆದ ಎಂಜಿನ್ನಿನಲ್ಲಿ ಕಾಲು ಸರ್ರನೆ ಇಳಿದುಹೋಗುತ್ತದೆ. ಇದು ಅಂದಾಜು ಕೊಡುತ್ತದೆ. ಆದರೆ 110 ಮತ್ತು 90ರ ನಡುವಿನ ವ್ಯತ್ಯಾಸ ಕಾಲಿಗೆ ತಿಳಿಯುವುದಿಲ್ಲ.

ರೋಟರಿ ಎಂಜಿನ್ನಿನಲ್ಲಿ ಒಂದು ಅಂಕಿ ಸಾಲದು

ವಾಲ್ವ್ ಇಲ್ಲದೆ ಪೋರ್ಟುಗಳಿಂದಲೇ ಉಸಿರಾಡುವ ಇನ್ನೊಂದು ಎಂಜಿನ್ ರೋಟರಿ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅದನ್ನು ರೂಪಿಸಿದರು, 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಎಂಜಿನ್ ಓಡಿತು. ಜಪಾನಿನ ಮಾಜ್ದಾ ಕಂಪನಿ 1967ರಿಂದ ಅದನ್ನು ಕಾರುಗಳಿಗೆ ಹಾಕಿತು. 1991ರಲ್ಲಿ ಮಾಜ್ದಾದ ರೋಟರಿ ಕಾರು ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನೇ ಗೆದ್ದಿತು.

ಕರ್ನಾಟಕಕ್ಕೂ ಈ ಎಂಜಿನ್ನಿಗೂ ನಂಟಿದೆ. ನಮ್ಮ ಸೇನೆಯ ನಿಶಾಂತ್ ಎಂಬ ಮಾನವರಹಿತ ವಿಮಾನಕ್ಕಾಗಿ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ನನ್ನು ದೇಶದಲ್ಲೇ ತಯಾರಿಸಲಾಯಿತು. ಬೆಂಗಳೂರಿನ ಎನ್‌ಎಎಲ್ ಅದರ ಮುಖ್ಯ ಭಾಗವನ್ನು ರೂಪಿಸಿತು, ಅಹ್ಮದ್‌ನಗರದ ವಿಆರ್‌ಡಿಇ ಮತ್ತು ಬೆಂಗಳೂರಿನ ಎಡಿಇ ಜೊತೆಗೂಡಿದವು. 2009ರಲ್ಲಿ ಕೋಲಾರದ ಬಳಿಯ ವಿಮಾನಪಟ್ಟಿಯಿಂದ ಆ ಎಂಜಿನ್ ಹೊತ್ತ ನಿಶಾಂತ್ ಮೊದಲ ಸಲ ಹಾರಿತು. ಎಂಜಿನ್ನಿನ ತೂಕ ಸುಮಾರು 30 ಕಿಲೋ. ಒಳಗೋಡೆ ಸವೆಯದಂತೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಕೊಡುವ ಕೆಲಸವನ್ನೂ ಎನ್‌ಎಎಲ್ ಮಾಡಿತು. ಆ ಲೇಪಕ್ಕೆ ಅಷ್ಟು ಮಹತ್ವ ಏಕೆ ಎಂಬುದು ಎಂಜಿನ್ನಿನ ಒಳಗು ನೋಡಿದರೆ ತಿಳಿಯುತ್ತದೆ.

ಎರಡು ಬೀಜದ ಕಡಲೆಕಾಯಿಯನ್ನು ಊಹಿಸಿಕೊಳ್ಳಿ, ನಡು ಸ್ವಲ್ಪವೇ ಒಳಗೆ ಹೋಗಿರಲಿ. ಎಂಜಿನ್ನಿನ ಕೋಣೆ ಹೆಚ್ಚುಕಡಿಮೆ ಆ ಆಕಾರ. ಒಳಗೆ ಉಬ್ಬಿದ ಮೂರು ಬದಿಗಳ ತ್ರಿಕೋನದಂಥ ರೋಟರ್ ತಿರುಗುತ್ತದೆ. ಅದರ ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿರುತ್ತವೆ. ಹಾಗಾಗಿ ರೋಟರಿನ ಸುತ್ತ ಮೂರು ಕೋಣೆಗಳು ಉಂಟಾಗಿ, ಒಂದರ ಹಿಂದೆ ಒಂದು ಮಿಶ್ರಣ ಎಳೆದು, ಒತ್ತಿ, ಸುಟ್ಟು, ಹೊರಹಾಕುತ್ತವೆ. ಪಿಸ್ಟನ್ನಿಗೆ ರಿಂಗ್ ಇದ್ದಂತೆ ರೋಟರಿನ ಪ್ರತಿ ಮೂಲೆಗೂ ಒಂದು ಏಪೆಕ್ಸ್ ಸೀಲ್ ಇದೆ. ಅದು ಪ್ರತಿ ಸುತ್ತಿಗೂ ಗೋಡೆಯನ್ನು ಉಜ್ಜುತ್ತಲೇ ಇರುತ್ತದೆ.

ಈಗ ನಮ್ಮ ಗೇಜನ್ನು ಇದಕ್ಕೆ ಹಾಕಿದೆವು ಎಂದುಕೊಳ್ಳಿ. ಪ್ಲಗ್ಗಿನ ತೂತು ಒಂದೇ, ಅದರ ಮುಂದೆ ಹಾದುಹೋಗುವ ಕೋಣೆಗಳು ಮೂರು. ಮೂರರ ಒತ್ತಡ 780, 510, 500 ಕಿಲೊಪ್ಯಾಸ್ಕಲ್ ಇದ್ದರೆ ಗೇಜ್ ಯಾವುದನ್ನು ತೋರಿಸುತ್ತದೆ? ಅದರೊಳಗಿನ ವಾಲ್ವ್ ಅತಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. 780 ತೋರಿಸುತ್ತದೆ, ನಾವು ಎಂಜಿನ್ ಭೇಷಾಗಿದೆ ಎಂದುಕೊಳ್ಳುತ್ತೇವೆ. ಯೆಜ್ಡಿಯಲ್ಲಿ ಉಪಕಾರಕ್ಕೆ ಬಂದ ವಾಲ್ವೇ ಇಲ್ಲಿ ರೋಗವನ್ನು ಮುಚ್ಚಿಡುತ್ತದೆ.

ಅದಕ್ಕೆ ರೋಟರಿ ಕಾರು ಇರುವವರು ಮನೆಯಲ್ಲಿ ಟೆಸ್ಟ್ ಮಾಡುವಾಗ ಗೇಜಿನ ವಾಲ್ವ್ ತೆಗೆದುಬಿಡುತ್ತಾರೆ, ಇಲ್ಲವೇ ಪಕ್ಕದ ಗುಂಡಿಯನ್ನು ಒತ್ತಿಯೇ ಹಿಡಿಯುತ್ತಾರೆ. ಇಂಧನ ಮತ್ತು ಇಗ್ನಿಷನ್ ಬಂದ್ ಮಾಡಿ, ಆಕ್ಸಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸುತ್ತಾರೆ. ಮುಳ್ಳು ನಿಲ್ಲದೆ ಕುಣಿಯುತ್ತದೆ, ಒಂದೊಂದು ಕುಣಿತವೂ ಒಂದೊಂದು ಕೋಣೆ. ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಚಿತ್ರೀಕರಿಸಿ ಮೂರು ಮೂರಾಗಿ ಎಣಿಸಬಹುದು. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುವುದರಿಂದ, ಶಾಫ್ಟಿನ ಪ್ರತಿ ಸುತ್ತಿಗೆ ಒಂದು ಕುಣಿತ. ನಿಮಿಷಕ್ಕೆ 250 ಸುತ್ತಿನಲ್ಲಿ ಸೆಕೆಂಡಿಗೆ ನಾಲ್ಕು ಕುಣಿತ, ಕಣ್ಣಿಗಿಂತ ಕ್ಯಾಮೆರಾ ವಾಸಿ.

ಕುಣಿತದ ಲಯದಲ್ಲೇ ರೋಗದ ಹೆಸರೂ ಇದೆ. ಮೂರೂ ಸಮನಾಗಿ ಕಡಿಮೆ ಇದ್ದರೆ ಎಂಜಿನ್ ಒಟ್ಟಾರೆ ಸವೆದಿದೆ, ಅಥವಾ ಬ್ಯಾಟರಿ ಬಡವಾಗಿ ಸ್ಟಾರ್ಟರ್ ನಿಧಾನವಾಗಿ ತಿರುಗುತ್ತಿದೆ. ಒಂದು ಜೋರು, ಎರಡು ಮಂದ ಎಂದು ಬಂದರೆ ಒಂದು ಏಪೆಕ್ಸ್ ಸೀಲ್ ಹೋಗಿದೆ ಎಂದು ಅನುಮಾನಿಸಬೇಕು. ಒಂದು ಸೀಲ್ ಹೋದರೆ ಎರಡು ಕೋಣೆ ಏಕೆ ಮಂಕಾಗುತ್ತವೆ? ಏಕೆಂದರೆ ಆ ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಎರಡು ಮನೆಗಳ ನಡುವಿನ ಗೋಡೆ ಬಿದ್ದರೆ ನಷ್ಟ ಎರಡೂ ಮನೆಗೆ.

ಮಾಜ್ದಾ ತನ್ನ ಆರ್‌ಎಕ್ಸ್-8 ಕಾರಿಗೆ ಕೊಟ್ಟ ಮಿತಿ ನೋಡಿ. ನಿಮಿಷಕ್ಕೆ 250 ಸುತ್ತಿನಲ್ಲಿ ಕನಿಷ್ಠ 680 ಕಿಲೊಪ್ಯಾಸ್ಕಲ್, ಅಂದರೆ ಸುಮಾರು 98 ಪಿ.ಎಸ್.ಐ. ಒಂದೇ ರೋಟರಿನ ಕೋಣೆಗಳ ನಡುವೆ ವ್ಯತ್ಯಾಸ 150 ಕಿಲೊಪ್ಯಾಸ್ಕಲ್ ಮೀರಬಾರದು, ಎರಡು ರೋಟರುಗಳ ನಡುವೆ 100 ಮೀರಬಾರದು. ಒತ್ತಡದ ಜೊತೆಗೆ ವೇಗವನ್ನೂ ವ್ಯತ್ಯಾಸವನ್ನೂ ಸೇರಿಸಿಯೇ ಅವರು ಮಿತಿ ಹೇಳಿದ್ದಾರೆ. ನಮ್ಮ ಎರಡು ಯೆಜ್ಡಿಗಳಿಗೆ ಕಿಕ್ ಹೊಡೆದದ್ದು ಒಬ್ಬರೇ ಆಗಿರಬೇಕಾದ ಕಾರಣವೂ ಇದೇ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ನಿಮ್ಮ ಮನೆಯಲ್ಲಿ ಯಾವ ಪೆಟ್ರೋಲ್ ಬೈಕಿದ್ದರೂ ಈ ಟೆಸ್ಟ್ ಮಾಡಬಹುದು. ಫೋರ್ ಸ್ಟ್ರೋಕ್ ಆದರೆ ಆ ಬೈಕಿನ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸಿ, ಒದ್ದೆ ಟೆಸ್ಟಿನಲ್ಲಿ ಏರದಿದ್ದರೆ ವಾಲ್ವುಗಳನ್ನೂ ಅನುಮಾನಿಸಿ. ಡೀಸೆಲ್ ಪಂಪ್‌ಸೆಟ್ಟಿಗೆ ಮಾತ್ರ ಈ ಗೇಜ್ ಹಾಕಬೇಡಿ. ಅದರ ಒತ್ತಡ ಹಲವು ಪಟ್ಟು ಹೆಚ್ಚು, ಅದಕ್ಕೆ ಬೇರೆಯೇ ಗೇಜ್ ಇದೆ.

ಬರೆದಿಡಬೇಕಾದವು ಇಷ್ಟು: ತಾರೀಕು, ಎಂಜಿನ್ ಬಿಸಿಯೋ ತಣ್ಣಗೋ, ಕಿಕ್ ಹೊಡೆದವರು ಯಾರು, ಮೊದಲ ಕಿಕ್ಕಿನ ಅಂಕಿ, ನಿಂತ ಅಂಕಿ ಮೂರು ಸಲ, ಒದ್ದೆ ಅಂಕಿ. ಬೈಕು ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆ ಅಳೆದಿಟ್ಟರೆ ಇನ್ನೂ ಒಳ್ಳೆಯದು. ಮುಂದೆ ಕೆಟ್ಟಾಗ ಹೋಲಿಸಲು ನಿಮ್ಮದೇ ಎಂಜಿನ್ನಿನ ಆರೋಗ್ಯದ ದಿನದ ಅಂಕಿ ಕೈಯಲ್ಲಿರುತ್ತದೆ.

ಆ ಹಾಳೆ ಹಿಡಿದು ಮೆಕ್ಯಾನಿಕ್ ಹತ್ತಿರ ಹೋಗಿ. ಒಳ್ಳೆಯ ಮೆಕ್ಯಾನಿಕ್ ಅದನ್ನು ನೋಡಿ ಬೇಸರಪಡುವುದಿಲ್ಲ. ಅವರ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.